ಸಕ್ಕರೆ ವೈನ್ ವಿರುದ್ಧ ಲಕ್ಷಾಂತರ ರೈತರನ್ನು ಬೀದಿಗಿಳಿಸಿದ ಕೆಫೆ ಮಾಲೀಕ; 100 ಫ್ರಾಂಕ್ ನೋಟಿನಲ್ಲಿ ಹೋಯ್ತು ಮಾನ

ದ್ರಾಕ್ಷಿ ಹಿಂಡಿ, ರಸ ಹುದುಗಿಸಿದರೆ ವೈನ್. ಇದರಲ್ಲಿ ವಾದ ಮಾಡೋಕೆ ಏನಿದೆ ಅಂತ ಯಾರಿಗಾದರೂ ಅನಿಸಬಹುದು. ಆದರೆ ಇದೊಂದು ಮಾತನ್ನು ಕಾನೂನಿನಲ್ಲಿ ಗಟ್ಟಿಯಾಗಿ ನಿಲ್ಲಿಸೋಕೆ 1907ರಲ್ಲಿ ಫ್ರಾನ್ಸ್‌ನ ದಕ್ಷಿಣ ಭಾಗದ ಲಕ್ಷಾಂತರ ಜನ ಬೀದಿಗೆ ಬರಬೇಕಾಯಿತು. ಗೋಲಿಬಾರ್ ಆಯಿತು, ಜೀವ ಹೋದವು, ಸೈನಿಕರೇ ದಂಗೆ ಎದ್ದರು. ಇದನ್ನೆಲ್ಲ ಶುರು ಮಾಡಿದವನು ಹಳ್ಳಿಯೊಂದರಲ್ಲಿ ಕೆಫೆ ಇಟ್ಟುಕೊಂಡು, ಜೊತೆಗೆ ಒಂದಿಷ್ಟು ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಮನುಷ್ಯ. ಹೆಸರು ಮಾರ್ಸೆಲಿನ್ ಆಲ್ಬರ್ಟ್.

ಹುಟ್ಟಿದ್ದು 1851ರ ಮಾರ್ಚ್ 29ರಂದು, ಓಡ್ ಜಿಲ್ಲೆಯ ಆರ್ಜೆಲಿಯೇ ಎಂಬ ಊರಿನಲ್ಲಿ. ನಾರ್ಬಾನ್ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದ ಹಳ್ಳಿ ಅದು. ಸುತ್ತಮುತ್ತ ಎಲ್ಲಿ ನೋಡಿದರೂ ದ್ರಾಕ್ಷಿ. ಆಲ್ಬರ್ಟ್ ತೆಳ್ಳಗಿನ, ಕುಳ್ಳನೆಯ, ಗಡ್ಡದ ಆಳು. ನಾಟಕದ ಹುಚ್ಚು ಇತ್ತು, ಊರವರನ್ನು ಸೇರಿಸಿಕೊಂಡು ನಾಟಕ ಆಡಿಸುತ್ತಿದ್ದ. ಮಾತು ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಅದಕ್ಕೇ ಊರವರು ಆತನಿಗೆ ಇಟ್ಟ ಅಡ್ಡಹೆಸರು ಜೀರುಂಡೆ. ಬೇಸಿಗೆ ಪೂರ್ತಿ ಮರದಲ್ಲಿ ಕೂತು ಕೂಗುತ್ತಲ್ಲ, ಆ ಜೀರುಂಡೆ.

ಆತನ ಕೆಫೆ ಅಂದರೆ ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ ಇದ್ದ ಹಾಗೆ. ಕಾಫಿ, ವೈನ್ ಜೊತೆಗೆ ಊರಿನ ಸುದ್ದಿ, ಸಾಲ, ರೇಟು ಎಲ್ಲ ಅಲ್ಲೇ ಗೊತ್ತಾಗುವ ಜಾಗ. ಯಾವ ರೈತನ ಕೈಯಲ್ಲಿ ದುಡ್ಡಿದೆ, ಯಾರ ಕೈ ಖಾಲಿ ಎಂಬುದು ಕೆಫೆ ನಡೆಸುವವನಿಗೆ ಮೊದಲು ಗೊತ್ತಾಗುತ್ತದೆ. 1900ರ ನಂತರ ಆರ್ಜೆಲಿಯೇಯಲ್ಲಿ ಎಲ್ಲರ ಕೈಯೂ ಖಾಲಿಯಾಗತೊಡಗಿತ್ತು.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಇದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸ್‌ನ ದ್ರಾಕ್ಷಿ ಬೇರುಗಳನ್ನು ತಿಂದು ಹಾಕಿತು. ತೋಟಕ್ಕೆ ತೋಟವೇ ಒಣಗಿ ಹೋದವು. ಕೊನೆಗೆ ಸಿಕ್ಕ ಪರಿಹಾರ, ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ದ್ರಾಕ್ಷಿ ಬೇರಿನ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟುವುದು. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಡಾಗ್ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ ಮಾಡುವುದು ಉಪ್ಪು ನೀರು, ಬರ ತಡೆಯಲಿ ಅಂತ. ಡಾಗ್ರಿಜ್ ಕೂಡ ಮೂಲತಃ ಅಮೆರಿಕದ್ದೇ.

ತೋಟಗಳು ಮತ್ತೆ ಎದ್ದು ನಿಲ್ಲೋಕೆ ವರ್ಷಗಟ್ಟಲೆ ಬೇಕಾಯಿತು. ಅಷ್ಟರಲ್ಲಿ ಕುಡಿಯುವವರು ಸುಮ್ಮನೆ ಕೂರಲಿಲ್ಲ, ಮಾರುವವರೂ ಕೂರಲಿಲ್ಲ. ಹೊರದೇಶದ ಒಣದ್ರಾಕ್ಷಿ ತರಿಸಿ ನೀರಲ್ಲಿ ನೆನೆಸಿ ವೈನ್ ಮಾಡಿದರು. ಆಗ ಫ್ರಾನ್ಸ್‌ನ ಕೈಯಲ್ಲಿದ್ದ ಅಲ್ಜೀರಿಯಾದಲ್ಲಿ ಹೊಸ ತೋಟಗಳು ಎದ್ದು, ಅಲ್ಲಿಂದ ಸುಂಕವಿಲ್ಲದೆ ವೈನ್ ಬರತೊಡಗಿತು. ಇನ್ನೂ ಸುಲಭದ ದಾರಿ ಸಕ್ಕರೆಯದ್ದು.

ಸಕ್ಕರೆ ವೈನ್ ಲೆಕ್ಕ ಹೀಗಿದೆ. ದ್ರಾಕ್ಷಿ ಹಿಂಡಿ ರಸ ತೆಗೆದ ಮೇಲೆ ಸಿಪ್ಪೆ, ಬೀಜ ಉಳಿಯುತ್ತೆ. ಅದಕ್ಕೆ ನೀರು ಸುರಿದು, ಸಕ್ಕರೆ ಹಾಕಿದರೆ ಮತ್ತೊಮ್ಮೆ ಹುದುಗುತ್ತದೆ. ಒಂದು ಲೀಟರ್‌ಗೆ ಸುಮಾರು 17 ಗ್ರಾಂ ಸಕ್ಕರೆ ಹಾಕಿದರೆ ಶೇ 1ರಷ್ಟು ಮದ್ಯಸಾರ ಬರುತ್ತೆ. ಅಂದ್ರೆ ಶೇ 10 ಮದ್ಯಸಾರದ 100 ಲೀಟರ್ ಮಾಡೋಕೆ 17 ಕೆ.ಜಿ. ಸಕ್ಕರೆ ಸಾಕು. ಬಣ್ಣ ಸಿಪ್ಪೆಯಿಂದಲೇ ಬರುತ್ತೆ, ಸಾಲದಿದ್ದರೆ ಬೇರೆ ಬಣ್ಣ. ತೋಟ ಬೇಡ, ಕತ್ತರಿಸುವ ಕೂಲಿ ಬೇಡ, ಆಲಿಕಲ್ಲಿನ ಭಯ ಇಲ್ಲ. ಚಳಿ ಜಾಸ್ತಿ ಇರುವ ಕಡೆ ದ್ರಾಕ್ಷಿಯಲ್ಲಿ ಸಿಹಿ ಕಮ್ಮಿ ಬಂದಾಗ ರಸಕ್ಕೆ ಚೂರು ಸಕ್ಕರೆ ಸೇರಿಸುವ ಪದ್ಧತಿ ಮೊದಲಿನಿಂದಲೂ ಇತ್ತು, ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಇಲ್ಲಿ ನಡೆದದ್ದು ಸಕ್ಕರೆಯಿಂದಲೇ ವೈನ್ ಮಾಡುವ ದಂಧೆ. ಇದರ ಜೊತೆಗೆ ಹಾಲಿಗೆ ನೀರು ಬೆರೆಸುವ ಹಾಗೆ ಗಟ್ಟಿ ವೈನಿಗೆ ನೀರು ಬೆರೆಸಿ ಮಾರುವ ವ್ಯಾಪಾರಿಗಳೂ ಇದ್ದರು.

ಕಾನೂನು ಇರಲಿಲ್ಲ ಅಂತ ಅಲ್ಲ. ತಾಜಾ ದ್ರಾಕ್ಷಿ ಹುದುಗಿಸಿದ್ದನ್ನು ಬಿಟ್ಟು ಬೇರೆ ಏನನ್ನೂ ವೈನ್ ಹೆಸರಿನಲ್ಲಿ ಮಾರಬಾರದು ಅಂತ 1889ರಲ್ಲೇ ಕಾನೂನು ಆಗಿತ್ತು. ಆದರೆ ಪೀಪಾಯಿ ತೆಗೆಸಿ ನೋಡುವವರು ಯಾರು? ಮೇಲಿಂದ 1903ರಲ್ಲಿ ಸರ್ಕಾರ ಸಕ್ಕರೆ ಮೇಲಿನ ತೆರಿಗೆಯನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಿತು. ಉತ್ತರ ಫ್ರಾನ್ಸ್‌ನ ಬೀಟ್ ಸಕ್ಕರೆ ಕಾರ್ಖಾನೆಗಳಿಗೆ ಹಬ್ಬ, ದಕ್ಷಿಣದ ದ್ರಾಕ್ಷಿ ರೈತನಿಗೆ ಹೊಡೆತ. 100 ಲೀಟರ್ ವೈನಿನ ದರ 10 ಫ್ರಾಂಕ್‌ಗಿಂತಲೂ ಕೆಳಗೆ ಬಿತ್ತು. ಎಷ್ಟೋ ಕಡೆ ಹಳೇ ವೈನ್ ಮಾರಾಟವಾಗದೆ, ಹೊಸದನ್ನು ತುಂಬಲು ಪೀಪಾಯಿ ಇಲ್ಲದ ಪರಿಸ್ಥಿತಿ.

ರೈತ ಮುಳುಗಿದರೆ ಅಂಗಡಿಯವನು ದಡದಲ್ಲಿ ನಿಂತಿರೋಕೆ ಆಗಲ್ಲ. ಬ್ರೆಡ್ ಮಾಡುವವನ ಉದ್ರಿ ಪುಸ್ತಕ ತುಂಬಿತು. ಪೀಪಾಯಿ ಕಟ್ಟುವವನಿಗೆ ಕೆಲಸ ಇಲ್ಲ, ಕಮ್ಮಾರನಿಗೆ ಕೆಲಸ ಇಲ್ಲ, ಕೂಲಿಯವರಿಗೆ ಕೂಲಿ ಇಲ್ಲ. ಆಲ್ಬರ್ಟ್ ಆ ಹೊತ್ತಿಗೆ ವರ್ಷಗಳಿಂದ ಇದನ್ನೇ ಹೇಳುತ್ತಾ ಊರೂರು ತಿರುಗುತ್ತಿದ್ದ. ಸಂತೆಯಲ್ಲಿ ಹೇಳಿದ, ಕೆಫೆಯಲ್ಲಿ ಹೇಳಿದ, ಅರ್ಜಿಗೆ ಸಹಿ ಹಾಕಿಸಿದ. ನಕ್ಕವರೇ ಹೆಚ್ಚು. 1907ರ ಫೆಬ್ರವರಿ 18ರಂದು ನೇರವಾಗಿ ಪ್ರಧಾನಿ ಜಾರ್ಜ್ ಕ್ಲೆಮಾನ್ಸೊಗೆ ಟೆಲಿಗ್ರಾಂ ಕಳಿಸಿದ. ಕೂಲಿಕಾರರು, ವ್ಯಾಪಾರಿಗಳು, ಬೆಳೆಗಾರರು ಎಲ್ಲರ ಹೆಸರಿನಲ್ಲಿ ಬೇಡಿಕೊಂಡ ತಂತಿ ಅದು. 1903ರ ಕಾನೂನು ತೆಗೆಯಿರಿ, ಮೋಸ ನಿಲ್ಲಿಸಿ, ದಕ್ಷಿಣ ಸಾಯುತ್ತಿದೆ ಎಂಬುದು ಅದರ ಸಾರ.

87 ಜನರ ನಡಿಗೆ

ವೈನ್ ಸಂಕಷ್ಟದ ವಿಚಾರಣೆಗೆ ಪಾರ್ಲಿಮೆಂಟಿನ ಸಮಿತಿಯೊಂದು 1907ರ ಮಾರ್ಚ್‌ನಲ್ಲಿ ನಾರ್ಬಾನ್‌ಗೆ ಬಂತು. ಮಾರ್ಚ್ 11ರಂದು ಆರ್ಜೆಲಿಯೇಯಿಂದ ಆಲ್ಬರ್ಟ್ ಸೇರಿ 87 ಮಂದಿ ವಾದ್ಯ ಬಾರಿಸಿಕೊಂಡು, ಹಾಡು ಹೇಳಿಕೊಂಡು ನಾರ್ಬಾನ್‌ಗೆ ನಡೆದರು. ಸಮಿತಿ ಎದುರು ತಮ್ಮ ಅಹವಾಲು ಹೇಳಿ, ಪಟ್ಟಣದ ಬೀದಿಗಳಲ್ಲಿ ಸುತ್ತಿ ವಾಪಸ್ ಬಂದರು. ಅಷ್ಟೇ. ಪೇಪರಿನಲ್ಲಿ ದೊಡ್ಡ ಸುದ್ದಿಯೂ ಆಗದಂಥ ಘಟನೆ.

ಆದರೆ ಆಲ್ಬರ್ಟ್ ಅಲ್ಲಿಗೆ ಬಿಡಲಿಲ್ಲ. ಪ್ರತಿ ಭಾನುವಾರ ಒಂದೊಂದು ಊರಲ್ಲಿ ಸಭೆ ಅಂತ ನಿಶ್ಚಯ ಮಾಡಿದ. ಮಾರ್ಚ್ 24ರ ಮೊದಲ ಸಭೆಗೆ ಬಂದವರು ಸುಮಾರು 300. ಮುಂದಿನ ವಾರ 600. ಆಮೇಲೆ 1,000. ಏಪ್ರಿಲ್ 14ರಂದು ಕುರ್ಸಾನ್‌ನಲ್ಲಿ 5,000. ಮೇ 5ರಂದು ನಾರ್ಬಾನ್‌ನಲ್ಲಿ 80 ಸಾವಿರಕ್ಕೂ ಮೇಲೆ. ಮೇ 12ರಂದು ಬೆಜಿಯೇಯಲ್ಲಿ ಒಂದೂವರೆ ಲಕ್ಷ. ಅಲ್ಲಿಂದ ಪರ್ಪಿನ್ಯಾಂ, ಕಾರ್ಕಸಾನ್, ನೀಮ್. ಜೂನ್ 9ರಂದು ಮಾಂಪೆಲಿಯೇ ನಗರದಲ್ಲಿ ಸೇರಿದ ಜನ ಕಡಿಮೆ ಅಂದರೂ 5 ಲಕ್ಷ ಅಂತ ಲೆಕ್ಕ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಬಿಡಿ, ಹಳ್ಳಿಗಳಲ್ಲಿ ಫೋನೇ ಅಪರೂಪವಾಗಿದ್ದ ಕಾಲ. ರೈಲಿನಲ್ಲಿ ಬಂದರು, ಗಾಡಿಯಲ್ಲಿ ಬಂದರು, ನಡೆದು ಬಂದರು. ಮಾಂಪೆಲಿಯೇಯ ಬಿಷಪ್ ರಾತ್ರಿ ತಂಗೋಕೆ ಚರ್ಚುಗಳ ಬಾಗಿಲು ತೆರೆಸಿದ.

ವೇದಿಕೆ ಮೇಲೆ ಸಮಾಜವಾದಿಗಳೂ ಇದ್ದರು, ರಾಜನೇ ಬೇಕು ಅನ್ನುವವರೂ ಇದ್ದರು. ಹತ್ತು ಎಕರೆಯವನು, ನೂರಾರು ಎಕರೆಯವನು, ಎರಡು ಮೂರು ವರ್ಷ ಹಿಂದೆ ಅದೇ ದೊಡ್ಡ ಜಮೀನ್ದಾರರ ವಿರುದ್ಧ ಮುಷ್ಕರ ಹೂಡಿದ್ದ ಕೂಲಿಕಾರರು, ಎಲ್ಲರೂ ಒಟ್ಟಿಗೆ. ಆಲ್ಬರ್ಟ್ ಹಾಕಿದ ಷರತ್ತು ಒಂದೇ, ಇಲ್ಲಿ ಪಕ್ಷದ ಮಾತು ಬೇಡ, ವೈನಿನ ಮಾತು ಮಾತ್ರ. ಈ ಷರತ್ತಿನಿಂದಲೇ ಅಷ್ಟು ಜನ ಸೇರಿದ್ದು. ಆದರೆ ಅಷ್ಟು ಜನ ಸೇರಿದ ಮೇಲೆ ಮುಂದೇನು ಅನ್ನುವ ಪ್ರಶ್ನೆಗೆ ಆತನ ಬಳಿ ಉತ್ತರ ಇರಲಿಲ್ಲ ಅನ್ನೋದೂ ಸತ್ಯ.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ದರ ಬೀಳೋಕೆ ಸಕ್ಕರೆ ವೈನ್ ಒಂದೇ ಕಾರಣ ಅಂತ ಆಲ್ಬರ್ಟ್ ನಂಬಿದ್ದ, ಜನರನ್ನೂ ನಂಬಿಸಿದ್ದ. ಅದು ಪೂರ್ತಿ ನಿಜ ಅಲ್ಲ. ಫಿಲೋಕ್ಸೆರಾ ನಂತರ ದಕ್ಷಿಣದ ರೈತರು ಬಯಲು ಜಮೀನಿನಲ್ಲಿ ಅರಮೋನ್ ಎಂಬ ತಳಿಯನ್ನು ಸಿಕ್ಕಾಪಟ್ಟೆ ನೆಟ್ಟಿದ್ದರು. ಹೆಕ್ಟೇರಿಗೆ 20 ಸಾವಿರ ಲೀಟರ್‌ಗೂ ಹೆಚ್ಚು ವೈನ್ ಕೊಡುವ ತಳಿ ಅದು, ಆದರೆ ವೈನ್ ತೆಳು, ಸಪ್ಪೆ. ಬೇರೆ ಬೆಳೆ ಎಲ್ಲ ಬಿಟ್ಟು ಒಂದೇ ಬೆಳೆ, ಒಂದೇ ತಳಿ. ಬೆಳೆ ಚೆನ್ನಾಗಿ ಬಂದ ವರ್ಷ ಮಾರುಕಟ್ಟೆ ತುಂಬಿ ಚೆಲ್ಲುತ್ತಿತ್ತು. ಅಂಥ ತೆಳು ವೈನ್‌ಗೆ ಬಲ ತುಂಬೋಕೆ ರೈತರಲ್ಲೇ ಕೆಲವರು ಸಕ್ಕರೆ ಮೂಟೆ ತಂದಿಟ್ಟುಕೊಂಡದ್ದೂ ಉಂಟು. ಮೋಸಗಾರ ಯಾವಾಗಲೂ ಉತ್ತರದವನೇ, ದೂರದವನೇ ಅಂತ ಹೇಳೋದು ಸುಲಭ; ವೇದಿಕೆ ಮೇಲಂತೂ ಇನ್ನೂ ಸುಲಭ.

ಅದೇ ಸೀಮೆಯಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಬೆಜಿಯೇ ಹತ್ತಿರದ ಮರೋಸಾನ್ ಎಂಬ ಹಳ್ಳಿಯ ಸಣ್ಣ ರೈತರು 1901ರಲ್ಲೇ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಒಬ್ಬೊಬ್ಬರೇ ದಲ್ಲಾಳಿ ಮುಂದೆ ಕೈಕಟ್ಟಿ ನಿಲ್ಲುವ ಬದಲು, ಎಲ್ಲರ ವೈನ್ ಒಟ್ಟು ಸೇರಿಸಿ ಪ್ಯಾರಿಸ್‌ನ ಗ್ರಾಹಕ ಸಹಕಾರ ಸಂಘಗಳಿಗೆ ನೇರ ಮಾರಿದರು. 1905ರಲ್ಲಿ ಸ್ವಂತ ವೈನ್ ಮನೆಯನ್ನೂ ಕಟ್ಟಿದರು. ಆಲ್ಬರ್ಟ್ ಸಭೆಗಳ ಗದ್ದಲದಲ್ಲಿ ಇದು ಅಷ್ಟಾಗಿ ಕೇಳಿಸಲಿಲ್ಲ. ಆದರೆ ಮುಂದಿನ ದಶಕಗಳಲ್ಲಿ ದಕ್ಷಿಣ ಫ್ರಾನ್ಸ್ ತುಂಬಾ ಹಳ್ಳಿಗೊಂದರಂತೆ ಎದ್ದ ಸಹಕಾರಿ ವೈನ್ ಮನೆಗಳಿಗೆ ಮರೋಸಾನ್ ಮಾದರಿಯೇ ದಾರಿ.

ಗೋಲಿಬಾರ್, ದಂಗೆ

ಜೂನ್ 10ರೊಳಗೆ ಸರ್ಕಾರ ಏನಾದರೂ ಮಾಡಬೇಕು, ಇಲ್ಲದಿದ್ದರೆ ತೆರಿಗೆ ಕಟ್ಟಲ್ಲ ಅಂತ ಬೆಜಿಯೇ ಸಭೆಯಲ್ಲಿ ಗಡುವು ಕೊಟ್ಟಿದ್ದರು. ಕ್ಲೆಮಾನ್ಸೊ ಇದನ್ನು ದಕ್ಷಿಣದವರ ಮಾಮೂಲಿ ಅಬ್ಬರ ಅಂದುಕೊಂಡ. ಗಡುವು ಮುಗಿಯಿತು. ನಾರ್ಬಾನ್ ಮೇಯರ್ ಅರ್ನೆಸ್ಟ್ ಫೆರೂಲ್, ವೃತ್ತಿಯಿಂದ ಡಾಕ್ಟರ್, ರಾಜೀನಾಮೆ ಕೊಟ್ಟು ಪುರಸಭೆ ಮೇಲೆ ಕಪ್ಪು ಬಾವುಟ ಹಾರಿಸಿದ. ಆತನ ಹಿಂದೆ ನೂರಾರು ಊರುಗಳ ಪಂಚಾಯಿತಿಗಳು ರಾಜೀನಾಮೆ ಕೊಟ್ಟವು. ಜನನ ಮರಣ ದಾಖಲೆಗೂ ಕಚೇರಿಯಲ್ಲಿ ಜನ ಇಲ್ಲದ ಸ್ಥಿತಿ.

ಕ್ಲೆಮಾನ್ಸೊ ಸೈನ್ಯ ಕಳಿಸಿದ. ಜೂನ್ 19ರಂದು ಫೆರೂಲ್ ಅರೆಸ್ಟ್ ಆದ. ಆ ದಿನ ಮತ್ತು ಮರುದಿನ ನಾರ್ಬಾನ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು. ಕನಿಷ್ಠ ಆರು ಜನ ಸತ್ತರು. ಅದರಲ್ಲಿ ಸೆಸಿಲ್ ಬೂರೆಲ್ ಎಂಬ 20 ವರ್ಷದ ಹುಡುಗಿ. ಆಕೆ ನಾರ್ಬಾನ್‌ಗೆ ಬಂದದ್ದು ಸಂತೆಗೆ. ಪರ್ಪಿನ್ಯಾಂನಲ್ಲಿ ಜನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟರು.

ಈ ಸುದ್ದಿ ಆಗ್ದ್ ಪಟ್ಟಣದಲ್ಲಿದ್ದ 17ನೇ ಪದಾತಿ ದಳಕ್ಕೆ ಮುಟ್ಟಿತು. ಅದರ ಸೈನಿಕರು ಬಹುತೇಕ ಬೆಜಿಯೇ ಕಡೆಯ ದ್ರಾಕ್ಷಿ ರೈತರ ಮಕ್ಕಳು. ಸುಮಾರು 500 ಮಂದಿ ಮದ್ದುಗುಂಡು ತಗೊಂಡು ರಾತ್ರೋರಾತ್ರಿ ಬೆಜಿಯೇಗೆ ನಡೆದು ಬಂದರು, ನಮ್ಮವರ ಮೇಲೆ ಗುಂಡು ಹಾರಿಸಲ್ಲ ಅಂತ ಪೇಟೆ ನಡುವೆ ಕೂತರು. ಊರವರು ಊಟ, ವೈನ್ ತಂದುಕೊಟ್ಟರು. ಮರುದಿನ ಮಾತುಕತೆಯಾಗಿ ಬ್ಯಾರಕ್ಕಿಗೆ ಮರಳಿದರು. ಆಮೇಲೆ ಅವರನ್ನು ಟುನೀಶಿಯಾದ ಗಫ್ಸಾ ಎಂಬ ಮರಳುಗಾಡಿನ ಠಾಣೆಗೆ ಸಾಗಿಸಿದರು.

ಆಲ್ಬರ್ಟ್ ಎಲ್ಲಿ? ಆತನ ಮೇಲೆ ವಾರಂಟ್ ಇತ್ತು, ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ಹೆಣ ಬಿದ್ದ ಸುದ್ದಿ ಕೇಳಿ ಆತ ಕಂಗಾಲಾದ. ಯಾರಿಗೂ ಹೇಳದೆ ಪ್ಯಾರಿಸ್ ರೈಲು ಹತ್ತಿದ. ಜೂನ್ 23ರಂದು ಕ್ಲೆಮಾನ್ಸೊನ ಕಚೇರಿಗೆ ಹೋಗಿ ನಿಂತ.

ಒಬ್ಬ ಹಳ್ಳಿಯ ಕೆಫೆಯವನು, ಇನ್ನೊಬ್ಬ ಆಗಿನ ಯುರೋಪಿನಲ್ಲೇ ಚಾಲಾಕಿ ಎನಿಸಿಕೊಂಡ ರಾಜಕಾರಣಿ. ಕ್ಲೆಮಾನ್ಸೊ ಗದರಿದ, ಸತ್ತವರ ಹೊಣೆಯನ್ನು ಇವನ ತಲೆಗೆ ಕಟ್ಟಿದ. ಊರಿಗೆ ಹೋಗಿ ಜನರನ್ನು ಸಮಾಧಾನ ಮಾಡು, ಮೋಸಗಾರರನ್ನು ನಾನು ಮಟ್ಟ ಹಾಕುತ್ತೇನೆ ಅಂತ ಮಾತು ಕೊಟ್ಟ. ದಾರಿಯಲ್ಲಿ ಪೊಲೀಸರು ಹಿಡಿಯದ ಹಾಗೆ ರಹದಾರಿ ಪತ್ರ ಬರೆದುಕೊಟ್ಟ. ವಾಪಸ್ ಹೋಗೋಕೆ ರೈಲು ಚಾರ್ಜಿಗೆ ಅಂತ 100 ಫ್ರಾಂಕಿನ ನೋಟು ಕೈಗಿಟ್ಟ. ಆಲ್ಬರ್ಟ್ ತಗೊಂಡ.

ಬಾಗಿಲು ಮುಚ್ಚಿದ ಕೂಡಲೇ ಕ್ಲೆಮಾನ್ಸೊ ಪತ್ರಕರ್ತರನ್ನು ಕರೆಸಿದ. ರೈತರ ನಾಯಕ ತನ್ನ ಮುಂದೆ ಕೂತು ಅತ್ತ ಅಂತ ಹೇಳಿದ. ನೋಟಿನ ವಿಷಯವನ್ನೂ ಹೇಳಿದ. ಒಳಗೆ ಏನಾಯಿತು ಅನ್ನೋದಕ್ಕೆ ಮೂರನೇ ಸಾಕ್ಷಿ ಇರಲಿಲ್ಲ, ಆದರೆ ಮರುದಿನದ ಪೇಪರುಗಳಿಗೆ ಸಾಕ್ಷಿ ಬೇಕಿರಲಿಲ್ಲ. ಆಲ್ಬರ್ಟ್ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಐದು ಲಕ್ಷ ಜನರನ್ನು ಸೇರಿಸಿದವನು 100 ಫ್ರಾಂಕ್‌ಗೆ ಮಾರಿಕೊಂಡ ಅಂತ ಸಂತೆಯಲ್ಲಿ ಮಾತಾಯಿತು. ಲಂಚ ಕೊಡುವವರು ನೋಟು ಕೊಟ್ಟು ಪತ್ರಕರ್ತರನ್ನು ಕರೆಯಲ್ಲ ಅನ್ನುವಷ್ಟು ಯೋಚನೆ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಆರ್ಜೆಲಿಯೇಯ ಸಮಿತಿ ಮುಂದೆ ಹೋರಾಟ ನಿಲ್ಲಿಸೋಣ ಅಂತ ಆಲ್ಬರ್ಟ್ ಹೇಳಿದ. ಯಾರೂ ಒಪ್ಪಲಿಲ್ಲ. ಮೂರು ತಿಂಗಳ ಹಿಂದೆ ಆತನ ಹಿಂದೆ ವಾದ್ಯ ಬಾರಿಸಿಕೊಂಡು ನಡೆದ ಊರಲ್ಲೇ ಆತ ದ್ರೋಹಿಯಾದ. ಜೂನ್ 26ರಂದು ಮಾಂಪೆಲಿಯೇಯಲ್ಲಿ ಪೊಲೀಸರಿಗೆ ಶರಣಾದ. ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅದೇ ಜೈಲಿಂದ ಬಂದ ಫೆರೂಲ್‌ಗೆ ನಾರ್ಬಾನ್‌ನಲ್ಲಿ ಮೆರವಣಿಗೆ, ಆಮೇಲೆ ಹೊಸದಾಗಿ ಆದ ಬೆಳೆಗಾರರ ಮಹಾಸಂಘದ ಅಧ್ಯಕ್ಷಗಿರಿ. ಆಲ್ಬರ್ಟ್‌ಗೆ ಬೈಗುಳ.

ಸಕ್ಕರೆ ಅಂಗಡಿಗೂ ಬಂತು ಲೆಕ್ಕ

ಇತ್ತ ಕ್ಲೆಮಾನ್ಸೊ ಕೊಟ್ಟ ಮಾತು? ಅದನ್ನು ಉಳಿಸಿಕೊಂಡ ಅಂತಲೇ ಹೇಳಬೇಕು. 17ನೇ ದಳದ ದಂಗೆ ಮುಗಿದು ಎಂಟೇ ದಿನಕ್ಕೆ, ಜೂನ್ 29ರಂದು ಪಾರ್ಲಿಮೆಂಟು ಹೊಸ ಕಾನೂನು ಮಾಡಿತು. 1889ರ ಕಾನೂನಿಗೆ ಇಲ್ಲದ ಹಲ್ಲು ಇದಕ್ಕೆ ಇತ್ತು.

ಪ್ರತಿಯೊಬ್ಬ ಬೆಳೆಗಾರ ಕೊಯ್ಲಾದ ಮೇಲೆ ತನ್ನ ತೋಟ ಎಷ್ಟು, ಈ ವರ್ಷ ಎಷ್ಟು ವೈನ್ ಆಯಿತು, ಹಳೇದು ಎಷ್ಟು ಉಳಿದಿದೆ ಅಂತ ಪುರಸಭೆಯಲ್ಲಿ ಬರೆಸಬೇಕು. ಬರೆಸಿದ್ದು ಗುಟ್ಟಲ್ಲ, ಊರವರು ನೋಡಬಹುದು. ಐದು ಎಕರೆಯವನು ಐವತ್ತು ಎಕರೆಯ ವೈನ್ ಮಾರಿದರೆ ಪಕ್ಕದ ತೋಟದವನಿಗೇ ಗೊತ್ತಾಗುತ್ತೆ. ಇನ್ನೊಂದು ಕಡೆ ಸಕ್ಕರೆಗೆ ಲಗಾಮು. ವೈನಿಗೆ ಬಳಸುವ ಸಕ್ಕರೆ ಮೇಲೆ ಹೆಚ್ಚುವರಿ ತೆರಿಗೆ ಬಿತ್ತು. 25 ಕೆ.ಜಿ.ಗಿಂತ ಹೆಚ್ಚು ಸಕ್ಕರೆ ಮಾರುವ ಅಂಗಡಿಯವರ ಮೇಲೆ ಕಣ್ಣಿಟ್ಟರು, ಮಾರಿದ್ದಕ್ಕೆ ಲೆಕ್ಕ ಇಡಬೇಕಾಯಿತು. ದ್ರಾಕ್ಷಿ ಕೊಯ್ಲಿನ ಸಮಯದಲ್ಲಿ ಒಬ್ಬನೇ ಮೂಟೆಗಟ್ಟಲೆ ಸಕ್ಕರೆ ಒಯ್ದರೆ ಅದು ಪಾಯಸಕ್ಕಲ್ಲ ಅಂತ ಯಾರಿಗಾದರೂ ಅರ್ಥ ಆಗುತ್ತೆ. ಅಂಗಡಿಯವರಿಗೆ ಈ ಲೆಕ್ಕ ತಲೆನೋವೇ. ಆದರೆ ಮೋಸ ಹಿಡಿಯೋಕೆ ಪೀಪಾಯಿಗಿಂತ ಸಕ್ಕರೆ ಅಂಗಡಿಯಲ್ಲಿ ನೋಡೋದು ಸುಲಭ ಅನ್ನೋದು ಸರ್ಕಾರಕ್ಕೆ ಕೊನೆಗೂ ಹೊಳೆದಿತ್ತು.

ಸೆಪ್ಟೆಂಬರ್ 3ರ ಆದೇಶದಲ್ಲಿ ವೈನ್ ಅಂದರೆ ತಾಜಾ ದ್ರಾಕ್ಷಿ ಅಥವಾ ತಾಜಾ ದ್ರಾಕ್ಷಿ ರಸ ಹುದುಗಿಸಿದ್ದು ಮಾತ್ರ ಅಂತ ಮತ್ತೆ ಸ್ಪಷ್ಟ ಮಾಡಿದರು. ಕಲಬೆರಕೆ ಹಿಡಿಯೋಕೆ ಪ್ರತ್ಯೇಕ ಇಲಾಖೆಯೂ ಅದೇ ವರ್ಷ ಬಂತು. ಇವತ್ತು ಯುರೋಪ್ ಒಕ್ಕೂಟದ ನಿಯಮದಲ್ಲಿ ವೈನಿಗೆ ಇರುವ ಅರ್ಥವೂ ಹೆಚ್ಚುಕಡಿಮೆ ಇದೇ. ಫ್ರಾನ್ಸ್‌ನಲ್ಲಿ ಕೊಯ್ಲಿನ ಲೆಕ್ಕ ಬರೆಸುವ ಪದ್ಧತಿ ಈಗಲೂ ಇದೆ.

ದರ ಒಂದೇ ಸಲಕ್ಕೆ ಏರಲಿಲ್ಲ, ನಿಧಾನಕ್ಕೆ ಸುಧಾರಿಸಿತು. ಆಲ್ಬರ್ಟ್ ಕೇಳಿದ್ದು ಬಹುಪಾಲು ಸಿಕ್ಕಿತ್ತು. ಕೇಳಿದವನ ಹೆಸರು ಹೇಳೋಕೆ ಮಾತ್ರ ಯಾರೂ ತಯಾರಿರಲಿಲ್ಲ.

ಊರಲ್ಲಿ ಇರೋಕೆ ಆಗದೆ ಆತ ಸಮುದ್ರ ದಾಟಿ ಅಲ್ಜೀರಿಯಾಗೆ ಹೋದ. ಅಲ್ಲಿನ ದ್ರಾಕ್ಷಿ ಬೆಳೆಗಾರರು ಆತನಿಗೆ ಆಸರೆ ಕೊಟ್ಟರು, ದುಡ್ಡು ಕೂಡಿಸಿಕೊಟ್ಟರು. ಆರ್ಜೆಲಿಯೇಯ ರೈತರ ಬಾಯಲ್ಲಿ ಅಲ್ಜೀರಿಯಾ ವೈನ್ ಅಂದರೆ ರೇಟು ಬೀಳಿಸುವ ಶತ್ರು. ಆ ಶತ್ರುವಿನ ಮನೆಯಲ್ಲೇ ಆತನಿಗೆ ಅನ್ನ ಸಿಕ್ಕಿತು.

ಕೊನೆಗಾಲಕ್ಕೆ ಮತ್ತೆ ಆರ್ಜೆಲಿಯೇಗೇ ಬಂದ. ಬಡತನದಲ್ಲೇ ಇದ್ದ. 1921ರ ಡಿಸೆಂಬರ್ 12ರಂದು ಅಲ್ಲೇ ತೀರಿಕೊಂಡ. ಆಗ ವಯಸ್ಸು 70. ಆತನನ್ನು ದ್ರೋಹಿ ಅಂದ ಊರಲ್ಲಿ ಈಗ 1907ರ ಹೋರಾಟದ ಸ್ಮಾರಕ ಇದೆ.